ನಾವು ಏನು ಮಾಡಿಕೊಡುತ್ತೇವೆಂದು ಗಿರಾಕಿಗೆ ತಿಳಿದಿದೆಯೇ?



ಸಂಘದಿಂದ ಸಾಲ ಪಡೆದು ಹೊಲಿಗೆ ಮೆಷಿನ್ ತಂದದ್ದಾಯಿತು, ಬಾಗಿಲಿಗೆ ಬೋರ್ಡೂ ಹಾಕಿದ್ದಾಯಿತು. ಆದರೂ ಪಕ್ಕದ ಮನೆಯವರು ರವಿಕೆ ಹೊಲಿಸಲು ಪೇಟೆಗೆ ಹೋಗುತ್ತಾರೆ. ಕಂತು ಕಟ್ಟುವ ದಿನ ಮಾತ್ರ ತಪ್ಪದೆ ಬರುತ್ತದೆ. ಸಂಘಗಳ ಭೇಟಿಗೆ ಹೋದಾಗ ನಾವು ಇದನ್ನು ಮತ್ತೆ ಮತ್ತೆ ಕಾಣುತ್ತೇವೆ. ಕೈಕೆಲಸ ಚೆನ್ನಾಗಿಯೇ ಇರುತ್ತದೆ. ಆದರೆ "ನೀವು ಏನೇನು ಮಾಡ್ತೀರಿ?" ಅಂತ ಯಾರಾದರೂ ಕೇಳಿದರೆ "ಎಲ್ಲಾ ಮಾಡಿಕೊಡ್ತೇವೆ" ಎಂದುಬಿಡುತ್ತೇವೆ.

ಈ ಉತ್ತರದಿಂದ ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಅವರ ತಲೆಯಲ್ಲಿ ಅವರದೇ ಚಿಂತೆ ಇರುತ್ತದೆ. ಮಗಳ ಯೂನಿಫಾರ್ಮ್ ಸೋಮವಾರದೊಳಗೆ ಬೇಕು, ಹಳೆಯ ರವಿಕೆ ಬಿಗಿಯಾಗಿದೆ, ಸೀರೆಗೆ ಫಾಲ್ ಹಾಕಿಸಬೇಕು. ಆ ಮಾತು ನಮ್ಮ ಬಾಯಿಂದ ಬಂದರೆ ತಾನೇ "ಇವರ ಹತ್ತಿರ ಹೋಗಬಹುದು" ಅಂತ ಅನ್ನಿಸುವುದು?

ಆದ್ದರಿಂದ ಪ್ರತಿಯೊಬ್ಬರೂ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು:

1. ನಮ್ಮ ಕೆಲಸ ಯಾರಿಗಾಗಿ?
2. ಅವರಿಗೆ ಏನು ಮಾಡಿಕೊಡುತ್ತೇವೆ?
3. ಎಷ್ಟು ದಿನದಲ್ಲಿ?
4. ಎಷ್ಟು ಹಣಕ್ಕೆ?

ಉದಾಹರಣೆಗೆ: "ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇವೆ. ಬಟ್ಟೆ ನೀವು ತನ್ನಿ, ನಾಲ್ಕು ದಿನದಲ್ಲಿ ಸಿಗುತ್ತದೆ. ಅಳತೆ ಸರಿಬಾರದಿದ್ದರೆ ದುಡ್ಡಿಲ್ಲದೆ ಸರಿಮಾಡಿ ಕೊಡುತ್ತೇವೆ." ಮಜೂರಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕಿ. ಇಷ್ಟು ಸಾಕು. ಕೇಳಿದ ತಾಯಿ ಇದನ್ನು ನೆರೆಮನೆಯವರಿಗೂ ಹೇಳಬಲ್ಲಳು. ಊರಲ್ಲಿ ನಮಗೆ ಖರ್ಚಿಲ್ಲದ ಜಾಹೀರಾತು ಅದೇ.

"ಒಂದೇ ಕೆಲಸ ಹೇಳಿದರೆ ಉಳಿದ ಗಿರಾಕಿಗಳು ತಪ್ಪಿಹೋಗಲ್ವಾ ಸಿಸ್ಟರ್?" ಅಂತ ಕೆಲವರು ಕೇಳುತ್ತಾರೆ. ಮೊದಲ ಸಲ ನಮ್ಮ ಬಾಗಿಲಿಗೆ ಬರಲು ಜನರಿಗೆ ಒಂದು ಕಾರಣ ಬೇಕು. ಯೂನಿಫಾರ್ಮ್‌ಗೆ ಬಂದವರು ಕೆಲಸ ಹಿಡಿಸಿದರೆ ನಾಳೆ ರವಿಕೆಯನ್ನೂ ತರುತ್ತಾರೆ. ನಾಲ್ಕು ದಿನ ಅಂದು ಹತ್ತು ದಿನ ಮಾಡಿದರೆ ಮಾತ್ರ ಬಂದವರೂ ಹೋಗುತ್ತಾರೆ. ನಮ್ಮಿಂದ ಆಗದ ಕೆಲಸವನ್ನು "ಆಗಲ್ಲ" ಎಂದು ಮೊದಲೇ ಹೇಳುವುದು ಒಳ್ಳೆಯದು.

ಹಪ್ಪಳ, ಉಪ್ಪಿನಕಾಯಿ, ರಾಗಿ ಮಾಲ್ಟ್ ಮಾಡುವವರ ಪರವಾಗಿ ಮಾತನಾಡುವುದು ಪೊಟ್ಟಣದ ಮೇಲಿನ ಚೀಟಿ. ಅಂಗಡಿಯಲ್ಲಿ ನಾವು ನಿಂತಿರುವುದಿಲ್ಲವಲ್ಲ! ಪದಾರ್ಥದ ಹೆಸರು, ಏನೇನು ಹಾಕಿದೆ, ತೂಕ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಬೆಲೆ, ನಮ್ಮ ವಿಳಾಸ, ಆಹಾರ ನೋಂದಣಿಯ 14 ಅಂಕಿಗಳ ಸಂಖ್ಯೆ ಇವೆಲ್ಲ ಓದಲು ಬರುವಂತೆ ಇರಲಿ. ಜೊತೆಗೆ ಬಳಸುವ ವಿಧಾನವನ್ನೂ ಒಂದು ಸಾಲು ಬರೆಯಿರಿ: "ಒಂದು ಲೋಟ ಹಾಲಿಗೆ ಎರಡು ಚಮಚ." ಆದರೆ "ಸಕ್ಕರೆ ಕಾಯಿಲೆ ಗುಣವಾಗುತ್ತದೆ" ಎಂದು ಖಂಡಿತ ಬರೆಯಬೇಡಿ. ನಂಬಿದವರು ಮಾತ್ರೆ ಬಿಟ್ಟರೆ ಜೀವಕ್ಕೇ ಅಪಾಯ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವೂ ಇದೆ.

ಸಂಘದಲ್ಲಿ ಮಾಡಿ ನೋಡಿ

ಮುಂದಿನ ವಾರದ ಸಭೆಯಲ್ಲಿ ಉದ್ಯೋಗ ಮಾಡುವ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಕೆಲಸವನ್ನು ಮೂರು ವಾಕ್ಯಗಳಲ್ಲಿ ಹೇಳಲಿ. ಸಭೆ ಮುಗಿಯುವಾಗ ಬೇರೊಬ್ಬರು ಅದನ್ನು ನೆನಪಿನಿಂದ ಹೇಳಲಿ. ಎಲ್ಲಿ ತಡವರಿಸಿದರೋ ಆ ಮಾತನ್ನು ಎಲ್ಲರೂ ಸೇರಿ ತಿದ್ದಿ. ಓದು ಬಾರದ ಸದಸ್ಯೆಗೂ ನೆನಪಿನಲ್ಲಿ ಉಳಿದರೆ ಅದನ್ನೇ ಬೋರ್ಡಿನ ಮೇಲೆ ಬರೆಸಿರಿ.