ಗಣಕಯಂತ್ರದ ಪೆಟ್ಟಿಗೆ

ಗಣಕಯಂತ್ರವನ್ನು ಕೊಳ್ಳುವಾಗ ನಾವು ಒಳಗಿನ ಭಾಗಗಳನ್ನು ಕುರಿತು ಬಹಳವಾಗಿ ವಿಚಾರಿಸುತ್ತೇವೆ; ಪೆಟ್ಟಿಗೆಯನ್ನು ಮಾತ್ರ ಬಣ್ಣ ನೋಡಿ ಆರಿಸುತ್ತೇವೆ. ಆದರೆ ಯಂತ್ರದ ಬಾಳಿಕೆಗೆ ಪೆಟ್ಟಿಗೆಯೂ ಒಂದು ಮುಖ್ಯ ಕಾರಣವೆಂಬುದನ್ನು ಮರೆಯಲಾಗದು. ಒಳ್ಳೆಯ ಪೆಟ್ಟಿಗೆಯ ಲಕ್ಷಣಗಳಾವುವೆಂಬುದನ್ನು ವಿಚಾರಿಸೋಣ.

ಮೊದಲನೆಯದು, ಗಾಳಿಯ ಸಂಚಾರ. ಯಂತ್ರವು ಬಳಸುವ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿ ಪರಿಣಮಿಸುತ್ತದೆ. ಆ ಶಾಖವು ಹೊರಹೋಗದಿದ್ದರೆ ಪ್ರೊಸೆಸರು ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತದೆ. ಹಿರಿಯರು ಮನೆಗೆ ಗವಾಕ್ಷಿಗಳನ್ನಿರಿಸಿದಂತೆ, ಪೆಟ್ಟಿಗೆಗೂ ಮುಂಭಾಗದ ಕೆಳಗಡೆ ತಣ್ಣನೆಯ ಗಾಳಿಗೆ ಪ್ರವೇಶವೂ, ಹಿಂಭಾಗದ ಮೇಲ್ಗಡೆ ಬಿಸಿಗಾಳಿಗೆ ನಿರ್ಗಮನವೂ ಇರಬೇಕು. 120 ಮಿಲಿಮೀಟರಿನ ಫ್ಯಾನು 80 ಮಿಲಿಮೀಟರಿನದಕ್ಕಿಂತ ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿಯನ್ನು ಸಾಗಿಸುವುದರಿಂದ ಸದ್ದು ಕಡಿಮೆ.

ಎರಡನೆಯದು, ಧೂಳಿನಿಂದ ರಕ್ಷಣೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ವಾಸಿಸುವ ನಮಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಬೇಸಗೆಯ ಧೂಳು ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಗಾಲದ ತೇವವನ್ನು ಹೀರಿ ಲೋಹಕ್ಕಂಟಿದರೆ ತುಕ್ಕು ಬೇಗನೆ ಹಿಡಿಯುತ್ತದೆ. ಖಾಡಿಯ ಸಮೀಪ ಉಪ್ಪುಗಾಳಿಯೂ ಸೇರುತ್ತದೆ. ಆದುದರಿಂದ ಗಾಳಿಯ ಪ್ರವೇಶದಲ್ಲಿ ತೆಗೆದು ತೊಳೆಯಬಹುದಾದ ಜಾಲರಿಯಿರಬೇಕು.

ಮೂರನೆಯದು, ನಿಯತವಾದ ಅಳತೆ. 1995ರಲ್ಲಿ ಇಂಟೆಲ್ ಸಂಸ್ಥೆಯು ‘ಎಟಿಎಕ್ಸ್’ ಎಂಬ ಮಾನವನ್ನು ಪ್ರಕಟಿಸಿತು. ಇದರಂತೆ ಪೂರ್ಣಗಾತ್ರದ ಮದರ್‌ಬೋರ್ಡಿನ ಅಳತೆ 305 × 244 ಮಿಲಿಮೀಟರು. ಸ್ಕ್ರೂಗಳ ಸ್ಥಾನಗಳೂ ನಿಶ್ಚಿತ. ಈ ಮಾನವನ್ನನುಸರಿಸಿದ ಪೆಟ್ಟಿಗೆಯಲ್ಲಿ ಹಳೆಯ ಬೋರ್ಡನ್ನು ತೆಗೆದು ಹೊಸದನ್ನು ಕೂರಿಸಬಹುದು. ಮಿತವರಮಾನದ ಮನೆಗೆ ಇದು ಸಣ್ಣ ಉಳಿತಾಯವಲ್ಲ.

ಪೆಟ್ಟಿಗೆ ಎಷ್ಟೇ ಉತ್ತಮವಾಗಿದ್ದರೂ, ಅದನ್ನು ಗೋಡೆಗೊತ್ತಿ ಇಟ್ಟು, ಯಂತ್ರ ನಡೆಯುತ್ತಿರುವಾಗಲೇ ಬಟ್ಟೆ ಹೊದಿಸಿದರೆ ಫಲವಿಲ್ಲ. ಶಾಲೆಯ ಯಂತ್ರವು ನಮ್ಮ ತರುವಾಯ ಬರುವ ತಮ್ಮತಂಗಿಯರಿಗೂ ದೊರೆಯಬೇಕಾದರೆ, ಅದು ಉಸಿರಾಡಲು ಒಂದು ಗೇಣು ತೆರಪನ್ನು ಬಿಡುವುದು ನಮ್ಮ ಕರ್ತವ್ಯ.