ಹಿಂದಣ ತಪ್ಪಿನಿಂದ ಕಲಿಯುವದು

ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 13:13, 15:36-41, ಕೊಲೊಸ್ಸೆ 4:10, 2 ತಿಮೊಥೆಯ 4:11.

ನಮ್ಮ ಕೋಲಾರ ಸೀಮೆಯಲ್ಲಿ ವರುಷವೆಲ್ಲಾ ಹರಿಯುವ ನದಿಯು ಒಂದೂ ಇಲ್ಲ. ಆದಕಾರಣ ಹಿರಿಯರು ಮೇಲಣ ಕೆರೆಯ ಕೋಡಿ ಹರಿದರೆ ಕೆಳಗಣ ಕೆರೆಯು ತುಂಬುವ ಹಾಗೆ ಸಾಲುಸಾಲಾಗಿ ಕೆರೆಗಳನ್ನು ಕಟ್ಟಿದರು. ಕೊಳವೆ ಬಾವಿಗಳು ಬಂದ ಮೇಲೆ ಜನರು ಕೆರೆಯ ಚಿಂತೆಯನ್ನು ಬಿಟ್ಟರು. ಹೂಳು ತುಂಬಿತು, ಜಾಲಿ ಬೆಳೆಯಿತು, ಕಾಲುವೆಗಳು ಮುಚ್ಚಿಹೋದವು. ಸಾವಿರ ಅಡಿಗಿಂತ ಆಳಕ್ಕೆ ಕೊರೆದರೂ ಅನೇಕ ಕಡೆ ನೀರು ಸಿಕ್ಕಲಿಲ್ಲ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಿಂದ, ಬೆಂಗಳೂರಿನಲ್ಲಿ ಶುದ್ಧಿಮಾಡಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯಿತು. ನೀರು ದೂರದಿಂದ ಬಂತು. ಆದರೆ ಕಾಲುವೆ ಮುಚ್ಚಿದಲ್ಲಿ ಅದು ಮುಂದಕ್ಕೆ ಹೋಗಲಾರದು.

ದೇವರ ಕ್ಷಮೆಯೂ ಹಾಗೆಯೇ. ಅದನ್ನು ನಾವು ತೋಡಿ ಪಡೆಯುವದಿಲ್ಲ. ಅದು ಮೇಲಿನಿಂದ ಬರುವ ಕೃಪೆ. ಆದರೆ ನಮ್ಮ ತಪ್ಪಿನಿಂದ ಮುಚ್ಚಿದ ಕಾಲುವೆಯನ್ನು ನಾವು ತೆರವು ಮಾಡದಿದ್ದರೆ ಆ ಕೃಪೆಯು ನೆರೆಯವನಿಗೆ ಹರಿಯುವದು ಹೇಗೆ?

ಮಾರ್ಕನ ಸಂಗತಿಯನ್ನು ನೋಡಿರಿ. ಅವನು ಪಂಫುಲ್ಯದಲ್ಲಿ ಪೌಲನನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಕಾರಣವನ್ನು ವೇದವು ಹೇಳುವದಿಲ್ಲ. ಎರಡನೆಯ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗುವದು ಪೌಲನಿಗೆ ಸರಿತೋರಲಿಲ್ಲ. ಬಾರ್ನಬನಾದರೋ ಅವನನ್ನು ಕೈಬಿಡದೆ ಕುಪ್ರಕ್ಕೆ ಕರೆದುಕೊಂಡು ಹೋದನು. ವರುಷಗಳು ಕಳೆದ ಮೇಲೆ ಸೆರೆಯಲ್ಲಿದ್ದ ಪೌಲನು ಅದೇ ಮಾರ್ಕನನ್ನು ಸೇವೆಗೆ ಉಪಯುಕ್ತನೆಂದು ಹೇಳಿ, ಕರೆತರುವಂತೆ ತಿಮೊಥೆಯನಿಗೆ ಬರೆದನು. ಹಿಂದಿರುಗಿ ಹೋದವನು ಬೆಳೆದನು. ಬೇಡವೆಂದವನೂ ಬೇಕೆಂದು ಹೇಳಲು ನಾಚಲಿಲ್ಲ.

ಈ ಪಾಠವನ್ನು ಇತರರಿಗೆ ಬೋಧಿಸುವ ನಾವೇ ಅದನ್ನು ತಡವಾಗಿ ಕಲಿತೆವು. ಮುಳಬಾಗಿಲು ಕಡೆಯ ಒಂದು ಗ್ರಾಮದಲ್ಲಿ ಒಬ್ಬ ಯೌವನಸ್ಥನು ಭಾನುವಾರದ ಮಕ್ಕಳ ಶಾಲೆಯನ್ನು ನಡೆಸುತ್ತಿದ್ದನು. ಮಾವಿನ ಸುಗ್ಗಿಯಲ್ಲಿ ಅವನು ಶ್ರೀನಿವಾಸಪುರದ ಮಂಡಿಗೆ ಕೂಲಿಗೆ ಹೋಗಿ ನಾಲ್ಕು ವಾರ ಬರಲಿಲ್ಲ. ನಾವು ಕಾರಣ ವಿಚಾರಿಸದೆ ಸಭೆಯ ಮುಂದೆ ಅವನನ್ನು ಗದರಿಸಿದೆವು. ಮನೆಯ ಸಾಲಕ್ಕಾಗಿ ಹೋಗಿದ್ದನೆಂದು ತಿಳಿದಾಗಲೂ ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ವರುಷ ಅವನು ಆರಾಧನೆಗೆ ಬರಲಿಲ್ಲ. ಮೊಣಕಾಲೂರಿ ದೇವರಿಗೆ ಅರಿಕೆಮಾಡುತ್ತಲೇ ಇದ್ದೆವು. ಅವನ ಬಾಗಲಿಗೆ ಮಾತ್ರ ಹೋಗಲಿಲ್ಲ. ಕೊನೆಗೆ ಹೋಗಿ, “ತಮ್ಮಾ, ತಪ್ಪು ನಮ್ಮದು” ಎಂದೆವು. ಅವನು ಮಾತಾಡದೆ ಕುಡಿಯಲು ನೀರು ಕೊಟ್ಟನು. ಮುಂದಿನ ತಿಂಗಳು ಆರಾಧನೆಗೆ ಬಂದು ಹಿಂದೆ ಕೂತನು. ಮಕ್ಕಳ ಶಾಲೆಯನ್ನು ಇನ್ನೂ ವಹಿಸಿಕೊಂಡಿಲ್ಲ. ಮುರಿದದ್ದು ಒಂದು ಕ್ಷಣ. ಕಟ್ಟುವದು ಬಹುಕಾಲದ ಕೆಲಸ.

ಆದದರಿಂದ ಮೂರು ಮಾತುಗಳನ್ನು ಮನಸ್ಸಿನಲ್ಲಿಡೋಣ. ಮೊದಲನೆಯದು, ತಪ್ಪನ್ನು ಅದರ ಹೆಸರಿನಿಂದಲೇ ಹೇಳಬೇಕು. ಕಾಲದ ಮೇಲೂ ಸೈತಾನನ ಮೇಲೂ ಹೊರಿಸಬಾರದು. ಎರಡನೆಯದು, ದೇವರಿಗೆ ಅರಿಕೆಮಾಡಿದವನು ನೊಂದವನ ಮನೆಗೂ ಹೋಗಬೇಕು. ಮೂರನೆಯದು, ತಪ್ಪಿದವನಿಗೆ ಮತ್ತೆ ಕೆಲಸ ಕೊಡುವದಕ್ಕೆ ಸಭೆಯು ಸಿದ್ಧವಾಗಿರಬೇಕು.

ಮನೆಯಲ್ಲಿ ಆಲೋಚಿಸತಕ್ಕದ್ದು: ನಮ್ಮ ಮಾತಿನಿಂದ ಸಭೆಯನ್ನು ಬಿಟ್ಟವರು ಯಾರು? ಅವರ ಬಾಗಲಿಗೆ ಈ ವಾರವೇ ಹೋಗಲು ನಮ್ಮನ್ನು ತಡೆಯುವದು ಯಾವದು?

ಕರ್ತನು ನಮ್ಮೆಲ್ಲರಿಗೂ ತಗ್ಗಿದ ಮನಸ್ಸನ್ನು ಅನುಗ್ರಹಿಸಲಿ.