ಮೊದಲು ಡಯಲ್ ನೋಡಿ

ಬೆಂಗಳೂರಿನ ಆರ್‌ಪಿಸಿ ಲೇಔಟಿನ ನಮ್ಮ ಮನೆಯಲ್ಲಿ ಹಳೇ ಕೀ ವಾಚುಗಳಿಗೇ ಒಂದು ಕಪಾಟಿದೆ. ಹೆಚ್ಚಿನವು ಎಚ್‌ಎಂಟಿ, ಜೊತೆಗೆ ಜಪಾನಿನ ಒಂದೆರಡು ಡೈವ್ ವಾಚು. ಹೊಸದಾಗಿ ಸಂಗ್ರಹಕ್ಕೆ ಇಳಿಯುವವರು ಕೇಳಿದರೆ ನಾನು ಹೇಳುವುದು ಇಷ್ಟು.

1. ಹೊಳಪಿಗೆ ಮರುಳಾಗಬೇಡಿ. ಹೊಸದರಂತೆ ಮಿನುಗುವ ಎಚ್‌ಎಂಟಿ 'ಪೈಲಟ್', 'ಜನತಾ' ಸಿಕ್ಕರೆ ಡಯಲ್‌ಗೆ ಮತ್ತೆ ಬಣ್ಣ ಬಳಿದಿರಬಹುದು. ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ. ಕಾರ್ಖಾನೆಯ ಅಚ್ಚು ತೀಕ್ಷ್ಣವಾಗಿರುತ್ತದೆ. ಮರುಬಣ್ಣದಲ್ಲಿ ಶಾಯಿ ಹರಡಿರುತ್ತದೆ, ನಿಮಿಷದ ಗೆರೆಗಳು ಒಂದೇ ಅಳತೆಗೆ ಕೂರುವುದಿಲ್ಲ, 'ಪ್ಯಾರಾ ಶಾಕ್' ಎಂಬ ಬರಹ ಸೊಟ್ಟಗಿರುತ್ತದೆ. ಕಣ್ಣು ಪಳಗಬೇಕೆಂದರೆ ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿ, ಅಲ್ಲಿಟ್ಟಿರುವ ವಾಚುಗಳ ಮುಂದೆ ನಿಧಾನವಾಗಿ ನಿಲ್ಲಿ. ಹಳದಿಗಟ್ಟಿದರೂ ಸರಿ, ನನಗೆ ಮೂಲ ಡಯಲ್ಲೇ ಬೇಕು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

2. ಹಿಂದಿನ ಮುಚ್ಚಳ ಬಿಚ್ಚಿಸದೆ ದುಡ್ಡು ಎಣಿಸಬೇಡಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು. ಜನತಾ, ಪೈಲಟ್‌ಗಳಲ್ಲಿ ಸಿಗುವ 0231 ಮಶಿನ್ ಆ ವಂಶದ್ದೇ: 17 ಜ್ಯುವೆಲ್, ಗಂಟೆಗೆ 18,000 ಮಿಡಿತ, ಅಂದರೆ ಸೆಕೆಂಡಿಗೆ 5. ಮಶಿನ್ ಮೇಲಿನ ಸಂಖ್ಯೆ ಓದಿ. ಸ್ಕ್ರೂಗಳ ತಲೆ ಕಿತ್ತುಹೋಗಿದೆಯೇ, ಕೀ ಕಡ್ಡಿಗೆ ತುಕ್ಕು ಹತ್ತಿದೆಯೇ, ಎರಡು ಸುತ್ತು ಕೀ ಕೊಟ್ಟೊಡನೆ ಬ್ಯಾಲೆನ್ಸ್ ಚಕ್ರ ಚುರುಕಾಗಿ ತೂಗುತ್ತದೆಯೇ, ನೋಡಿ. ಬಿಚ್ಚಲು ಒಪ್ಪದ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬಂದುಬಿಡಿ.

3. ಕೇಸಿಗೆ ಪಾಲಿಶ್ ಬೇಡ. ಅಂಚು ಸವೆದರೆ ಮತ್ತೆ ಬರುವುದಿಲ್ಲ. ಪ್ಲಾಸ್ಟಿಕ್ ಗಾಜಿನ ಗೀರನ್ನು ಬೇಕಾದರೆ ಟೂತ್‌ಪೇಸ್ಟ್ ಹಾಕಿ ಉಜ್ಜಿ.

4. ಡೈವ್ ವಾಚಾದರೂ ನೀರಿನಿಂದ ದೂರವಿಡಿ. ಸೈಕೋ 6309-7040 ತಯಾರಾಗಿದ್ದು 1976ರಿಂದ 1988ರವರೆಗೆ. 150 ಮೀಟರ್ ಎಂದು ಅದರ ಡಯಲ್ ಮೇಲೇ ಬರೆದಿದೆ. ಆ ಮಾತು ರಬ್ಬರ್ ರಿಂಗ್ ಹೊಸದಾಗಿದ್ದ ದಿನಕ್ಕೆ ಮಾತ್ರ. ರಿಂಗ್ ಬದಲಿಸಿ, ಒತ್ತಡ ಪರೀಕ್ಷೆ ಮಾಡಿಸದೆ ಕೈ ತೊಳೆಯುವಾಗಲೂ ಬಿಚ್ಚಿಡಿ. ಇನ್ನೊಂದು ಮಾತು: ಸೈಕೋ ಹಿಂಬದಿಯ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಎರಡನೆಯದು ತಿಂಗಳು. 1982 ಎಂದು ಮಾರುತ್ತಿರುವ ವಾಚಿನ ಸಂಖ್ಯೆ 7ರಿಂದ ಶುರುವಾದರೆ ಮುಚ್ಚಳವೋ ಮಾತೋ, ಯಾವುದೋ ಒಂದು ಸರಿಯಿಲ್ಲ.

5. ವಾಚಿಗಿಂತ ಮೊದಲು ರಿಪೇರಿಯವರನ್ನು ಹುಡುಕಿಕೊಳ್ಳಿ. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರ ಜನವರಿಯಲ್ಲಿ. ಆದರೆ ಆ ಮಶಿನ್‌ಗಳನ್ನು ಕೈಯಾರೆ ಜೋಡಿಸಿದ ಹಿರಿಯರು ಈ ಊರಿನಲ್ಲಿ ಇನ್ನೂ ಇದ್ದಾರೆ. ಬೇರೆ ಯಾವ ಊರಿನ ಸಂಗ್ರಹಕಾರನಿಗೆ ಇಂಥ ಭಾಗ್ಯವಿದೆ? ಅವರ ಪಕ್ಕ ಕೂತು ನೋಡಿ: ಚಿಮುಟದ ತುದಿಯಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಎತ್ತುವಾಗ ಅವರು ಉಸಿರನ್ನೂ ಬಿಗಿಹಿಡಿಯುತ್ತಾರೆ. ಕೇಳಿದಷ್ಟು ಕೂಲಿ ಕೊಡಿ, ಚೌಕಾಸಿ ಬೇಡ. ಎಣ್ಣೆ ಒಣಗಿದ ವಾಚನ್ನು ಓಡಿಸುತ್ತಲೇ ಇದ್ದರೆ ಚಕ್ರಗಳ ಅಚ್ಚು ಸವೆಯುತ್ತದೆ. 'ನಡೀತಿದೆಯಲ್ಲ' ಎಂದು ಸರ್ವಿಸ್ ಮುಂದೂಡಬೇಡಿ. ಕೆಟ್ಟು ನಿಂತ 0231 ಅಗ್ಗಕ್ಕೆ ಸಿಕ್ಕರೆ ಬಿಡಿಭಾಗಕ್ಕೆಂದು ಕೊಂಡಿಡಿ.

6. ಮನೆಗಳಿಂದ ಬಂದ ವಾಚಿಗೆ ಒಂದು ಚೀಟಿ ಬರೆದಿಡಿ: ಯಾರದ್ದು, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೋ ಮದುವೆಗೋ ನಿವೃತ್ತಿಗೋ, ಯಾವ ವರ್ಷ. ಹಿಂದೆ ಹೆಸರು ಕೆತ್ತಿದ್ದರೆ ಉಜ್ಜಿ ಅಳಿಸಬೇಡಿ. ಆ ಮನೆಯವರು ಮುಂದೆಂದಾದರೂ ವಾಪಸು ಕೇಳಿದರೆ, ನಾನಂತೂ ಕೊಂಡ ಬೆಲೆಗೇ ಕೊಡುತ್ತೇನೆ.